ಚಿಪ್ಪು ಉಳಿಸಿದ್ದನ್ನು ಕೋಡು ನುಂಗಿತು

ವೈರ್‌ಲೆಸ್ ಸೆನ್ಸರಿನ ಬ್ಯಾಟರಿ ಬೇಗ ಖಾಲಿಯಾದರೆ ಸಾಫ್ಟ್‌ವೇರ್ ಮಂದಿಯ ಬಾಯಲ್ಲಿ ಬರೋದು ಒಂದೇ ಮಾತು: "ಹಾರ್ಡ್‌ವೇರ್ ಸರಿಯಿಲ್ಲ ಗುರೂ". ನಾನೂ ಅದೇ ಪಂಗಡದವನು. ಆದ್ರೂ ಹೇಳ್ತೀನಿ, ಎಷ್ಟೋ ಸಲ ಇದು ನುಣುಚಿಕೊಳ್ಳೋ ಮಾತು. ಚಿಪ್ ಡಿಸೈನ್ ಮಾಡೋರು ಪೈಸೆ ಪೈಸೆ ಲೆಕ್ಕ ಹಾಕಿ ಉಳಿಸಿದ್ದನ್ನು ನಮ್ಮವರು ನಾಲ್ಕು ಸಾಲು ಕೋಡಿನಲ್ಲಿ ಪೋಲು ಮಾಡ್ತಾರೆ.

ಅವರು ಎಷ್ಟು ಉಳಿಸಿದ್ದಾರೆ ನೋಡಿ. ಸೆನ್ಸರಿನಿಂದ ಬರೋ ವೋಲ್ಟೇಜನ್ನು ಸಂಖ್ಯೆಯಾಗಿ ಬದಲಾಯಿಸೋದು ಎಡಿಸಿ. ಅದರಲ್ಲಿ ಎಸ್‌ಎಆರ್ ಅನ್ನೋ ಬಗೆ ದಿನಸಿ ಅಂಗಡಿಯ ತಕ್ಕಡಿ ಇದ್ದ ಹಾಗೆ. ಮೊದಲು ದೊಡ್ಡ ತೂಕದ ಕಲ್ಲು ಇಡು. ಹೆಚ್ಚಾಯ್ತಾ, ತೆಗಿ. ಅದರರ್ಧದ್ದು ಇಡು. ಹತ್ತು ಸಲ ಹೀಗೆ ಮಾಡಿದರೆ 10 ಬಿಟ್ಟಿನ ಉತ್ತರ ಸಿಕ್ತು. ಚಿಪ್ಪಿನಲ್ಲಿ ಕಲ್ಲಿನ ಬದಲು ಕೆಪಾಸಿಟರುಗಳು, ಅಷ್ಟೇ. 1975ರಲ್ಲಿ ಬರ್ಕ್ಲಿಯ ಜೇಮ್ಸ್ ಮೆಕ್‌ಕ್ರಿಯರಿ ಮತ್ತು ಪಾಲ್ ಗ್ರೇ ಇದನ್ನು ಮಾಡಿ ತೋರಿಸಿದರು. 2008ರಲ್ಲಿ ನೆದರ್ಲೆಂಡ್ಸಿನ ಟ್ವೆಂಟೆ ವಿಶ್ವವಿದ್ಯಾಲಯದ ತಂಡ ಇದೇ ಬಗೆಯ 10 ಬಿಟ್ಟಿನ ಎಡಿಸಿ ಮಾಡಿತು. ಸೆಕೆಂಡಿಗೆ 10 ಲಕ್ಷ ಸ್ಯಾಂಪಲ್, ಖರ್ಚು ಬರೀ 1.9 ಮೈಕ್ರೋವ್ಯಾಟ್! ಕೆಪಾಸಿಟರನ್ನು ಒಂದೇ ಏಟಿಗೆ ತುಂಬದೆ ಮೆಟ್ಟಿಲು ಮೆಟ್ಟಿಲಾಗಿ ತುಂಬಿದರು. ಕೆಲಸ ಇಲ್ಲದಾಗ ಸುಮ್ಮನೆ ಕರೆಂಟ್ ಎಳೆಯದ ಕಂಪ್ಯಾರೇಟರ್ ಇಟ್ಟರು.

ಈಗ ನಮ್ಮ ಕಡೆಯ ಲೆಕ್ಕಕ್ಕೆ ಬನ್ನಿ. ಸಿಆರ್2032 ಬಟನ್ ಸೆಲ್‌ನಲ್ಲಿರೋದು ಸುಮಾರು 220 ಮಿಲಿಆಂಪ್-ಅವರ್. ಹತ್ತು ವರ್ಷ ಅಂದರೆ 87,600 ಗಂಟೆ. ಭಾಗಿಸಿ ನೋಡಿ, ಸರಾಸರಿ 2.5 ಮೈಕ್ರೋಆಂಪ್ ಮಾತ್ರ ಖರ್ಚು ಮಾಡಬಹುದು. ಬ್ಲೂಟೂತ್ ಲೋ ಎನರ್ಜಿ ರೇಡಿಯೋ ಬಾಯಿ ತೆರೆದರೆ ಸುಮಾರು 5 ಮಿಲಿಆಂಪ್ ಬೇಕು. ಚಿಪ್ಪು ಮಲಗಿದ್ದಾಗ ಏನೂ ಖರ್ಚಾಗಲ್ಲ ಅಂದುಕೊಂಡರೂ ದಿನಕ್ಕೆ 43 ಸೆಕೆಂಡ್ ಅಷ್ಟೇ ಮಾತಾಡೋ ಭಾಗ್ಯ.

ಒಂದು ಸಲ ಕಳಿಸೋಕೆ 5 ಮಿಲಿಸೆಕೆಂಡ್ ಅಂತಿಟ್ಟುಕೊಳ್ಳಿ. ಸೆಕೆಂಡಿಗೊಂದು ಸಲ ಕಳಿಸಿದರೆ ದಿನಕ್ಕೆ 432 ಸೆಕೆಂಡ್ ಆಯ್ತು. ಹತ್ತು ವರ್ಷ ಬರಬೇಕಾದ ಸೆಲ್ ಒಂದೇ ವರ್ಷಕ್ಕೆ ಢಮಾರ್. ಹದಿನೈದು ನಿಮಿಷಕ್ಕೊಮ್ಮೆ ಕಳಿಸಿದರೆ ದಿನಕ್ಕೆ ಅರ್ಧ ಸೆಕೆಂಡೂ ಆಗಲ್ಲ. ಅಡಿಕೆ ತೋಟದ ಮಣ್ಣಿನ ತೇವ ಸೆಕೆಂಡಿಗೊಮ್ಮೆ ಬದಲಾಗುತ್ತಾ, ನೀವೇ ಹೇಳಿ?

ಇನ್ನೊಂದು ಘನಕಾರ್ಯ ಇದೆ. 10 ಕಿಲೋಓಮ್ ಪುಲ್-ಅಪ್ ಇರೋ ಪಿನ್ನನ್ನು ಲೋ ಮಾಡಿ, ಹಾಗೇ ಬಿಟ್ಟು ಚಿಪ್ಪನ್ನು ಮಲಗಿಸೋದು. 3 ವೋಲ್ಟಿಗೆ 0.3 ಮಿಲಿಆಂಪ್ ಹಗಲೂ ರಾತ್ರಿ ಸೋರುತ್ತೆ. ಒಂದು ತಿಂಗಳಿಗೆ ಸೆಲ್ ಖಾಲಿ! ಇದು ಯಾವ ಹಾರ್ಡ್‌ವೇರಿನ ತಪ್ಪು ಸ್ವಾಮಿ?

"ಎಲ್ಲಾ ಡೇಟಾ ಕ್ಲೌಡಿಗೆ ಕಳಿಸೋಣ, ಏನು ಬೇಕೋ ಆಮೇಲೆ ನೋಡೋಣ" ಅನ್ನೋರಿಗೆ ಒಂದೇ ಲೆಕ್ಕ ಸಾಕು. ಆ 5 ಮಿಲಿಸೆಕೆಂಡಿನ ಒಂದು ಪ್ಯಾಕೆಟ್ಟಿನ ಶಕ್ತಿಯಲ್ಲಿ ಟ್ವೆಂಟೆಯ ಎಡಿಸಿ ಸುಮಾರು 4 ಕೋಟಿ ಸಲ ಅಳೆಯುತ್ತೆ. ಇದರಲ್ಲಿ ಸೆನ್ಸರ್, ಆಂಪ್ಲಿಫಯರ್ ಖರ್ಚು ಸೇರಿಲ್ಲ, ಒಪ್ಪಿದೆ. ಅಂಗಡಿಯಲ್ಲಿ ಸಿಗೋ ಚಿಪ್ಪು ನೂರು ಪಟ್ಟು ಹೆಚ್ಚು ತಿನ್ನಲಿ, ಆದ್ರೂ 4 ಲಕ್ಷ ಆಯ್ತಲ್ಲ! ಅಳೆಯೋದು ಅಗ್ಗ, ಹೇಳೋದು ದುಬಾರಿ. ಹಾಗಿದ್ದಮೇಲೆ ಅಲ್ಲೇ ಅಳೆದು, ಅಲ್ಲೇ ಯೋಚಿಸಿ, ಬದಲಾದಾಗ ಮಾತ್ರ ಬಾಯಿ ಬಿಡೋದು ತಾನೇ ಬುದ್ಧಿವಂತಿಕೆ?

ಹಾರ್ಡ್‌ವೇರಿನಲ್ಲಿ ತಪ್ಪೇ ಇರಲ್ಲ ಅಂತಲ್ಲ. ಕರೆಂಟ್ ತಿನ್ನೋ ರೆಗ್ಯುಲೇಟರ್ ಹಾಕಿ ಕೈತೊಳೆದುಕೊಳ್ಳೋರೂ ಇದ್ದಾರೆ. ಆದರೆ ಮೀಟರ್ ಇಟ್ಟು ಅಳೆಯದೆ ಬೆರಳು ತೋರಿಸೋ ಚಾಳಿ ಇದೆಯಲ್ಲ, ಅದು ನಮ್ಮವರದ್ದೇ.

ಸೆಲ್ ಬದಲಾಯಿಸೋಕೆ ತೋಟಕ್ಕೆ ಹೋಗೋನು ಕೋಡು ಬರೆದವನಲ್ಲ, ಸೆನ್ಸರ್ ಕೊಂಡ ರೈತ. ಎರಡು ಸಲ ಬದಲಾಯಿಸ್ತಾನೆ, ಮೂರನೇ ಸಲ ಸೆನ್ಸರನ್ನೇ ಅಟ್ಟಕ್ಕೆ ಎಸೀತಾನೆ. ಆಮೇಲೆ "ನಮ್ಮ ಜನಕ್ಕೆ ಟೆಕ್ನಾಲಜಿ ಬೇಡ" ಅಂತ ಎಸಿ ರೂಮಿನಲ್ಲಿ ಕೂತು ಭಾಷಣ ಬೇರೆ!

ನಾನು ಕೇಳೋದು ಎರಡೇ. ಪ್ರೋಗ್ರಾಂ ತಪ್ಪು ಉತ್ತರ ಕೊಟ್ಟರೆ ಬಗ್ ಅಂತೀವಲ್ಲ, ಮೈಕ್ರೋಆಂಪ್ ಸೋರಿದರೂ ಬಗ್ ಅಂತಲೇ ಬರೆದುಕೊಳ್ಳಿ. ಡಬ್ಬದ ಮೇಲೆ "ಬ್ಯಾಟರಿ ಹತ್ತು ವರ್ಷ" ಅಂತ ಅಚ್ಚು ಹಾಕೋರು, ಎಷ್ಟು ಹೊತ್ತಿಗೊಮ್ಮೆ ಕಳಿಸಿದರೆ ಹತ್ತು ವರ್ಷ ಅನ್ನೋದನ್ನೂ ಪಕ್ಕದಲ್ಲೇ ಹಾಕಲಿ.

ಒಪ್ಪಲ್ವಾ? ಮೊದಲು ಮೇಲಿನ ಭಾಗಾಕಾರ ಒಂದ್ಸಲ ನೀವೇ ಮಾಡಿ, ಆಮೇಲೆ ಜಗಳಕ್ಕೆ ಬನ್ನಿ :-)