ಗಲ್ಲಾಪೆಟ್ಟಿಗೆಯೂ ಕೇಸಿನ ಪಾಠವೂ

ಎಂ.ಬಿ.ಎ. ತರಗತಿಗೆ ಸೇರಿರುವ, ಸೇರಬಯಸುವ ನಮ್ಮ ತರುಣರ ಕೈಯಲ್ಲಿ ಈಗ ಒಂದು ಬಗೆಯ ಪುಸ್ತಕವು ತಪ್ಪದೆ ಕಾಣಿಸುತ್ತದೆ. ವ್ಯಾಪಾರದ ‘ಕೇಸು’ಗಳನ್ನು ಬಿಡಿಸುವ ಬಗೆಯನ್ನು ಹೇಳಿಕೊಡುವ ಪುಸ್ತಕ ಅದು. ಕೇಸು ಎಂದೊಡನೆ ಕೋರ್ಟಿನ ನೆನಪಾಗುವ ಹಿರಿಯ ವಾಚಕರ ಊಹೆ ಪೂರ್ಣ ತಪ್ಪೇನೂ ಅಲ್ಲ. ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ಕಾನೂನು ಶಾಲೆಯಲ್ಲಿ 1870ರಲ್ಲಿ ಲ್ಯಾಂಗ್ಡೆಲ್ ಎಂಬ ಅಧ್ಯಾಪಕರು ನ್ಯಾಯಾಲಯದ ತೀರ್ಪುಗಳನ್ನೇ ವಿದ್ಯಾರ್ಥಿಗಳ ಮುಂದಿಟ್ಟು ಪ್ರಶ್ನೆ ಕೇಳುವ ಪದ್ಧತಿಯನ್ನು ಆರಂಭಿಸಿದರು. 1908ರಲ್ಲಿ ಅಲ್ಲಿಯೇ ಹುಟ್ಟಿದ ವಾಣಿಜ್ಯ ಶಾಲೆಯು ಮುಂದೆ ಅದನ್ನು ಅಂಗಡಿ ಕಾರ್ಖಾನೆಗಳ ವಿಷಯಕ್ಕೆ ಒಗ್ಗಿಸಿಕೊಂಡಿತು. 1961ರಲ್ಲಿ ಸ್ಥಾಪಿತವಾದ ಅಹಮದಾಬಾದಿನ ವ್ಯವಸ್ಥಾಪನ ಸಂಸ್ಥೆಯು ಹಾರ್ವರ್ಡಿನ ಸಹಯೋಗದೊಡನೆ ಆ ಪದ್ಧತಿಯನ್ನು ನಮ್ಮ ದೇಶದಲ್ಲಿ ನೆಲೆಗೊಳಿಸಿತು.

ಒಂದು ಸಂಸ್ಥೆಯ ಸಂಕಟವನ್ನು ಹತ್ತಿಪ್ಪತ್ತು ಪುಟಗಳಲ್ಲಿ ಬರೆದು ಕೊಡುತ್ತಾರೆ. ನೀನು ಯಜಮಾನನಾಗಿದ್ದರೆ ಏನು ಮಾಡುತ್ತಿದ್ದೆ ಎಂದು ಗುರುಗಳು ಕೇಳುತ್ತಾರೆ. ಉತ್ತರವನ್ನು ತಾವಾಗಿ ಹೇಳುವುದಿಲ್ಲ. ದೊಡ್ಡ ಸಲಹಾ ಕಂಪೆನಿಗಳ ಸಂದರ್ಶನದಲ್ಲಿ ಪುಟಗಳೂ ಇರುವುದಿಲ್ಲ. ಎರಡು ವಾಕ್ಯದ ಪ್ರಶ್ನೆ, ಸುಮಾರು ಅರ್ಧ ಗಂಟೆಯ ಅವಧಿ. ಉಳಿದ ಸಂಗತಿಗಳನ್ನು ಉದ್ಯೋಗಾರ್ಥಿಯೇ ಕೇಳಿ ಪಡೆಯಬೇಕು.

ಕಳೆದ ತಿಂಗಳು ಪರಿಚಿತರೊಬ್ಬರ ಮಗ ನಮ್ಮ ಕಾರ್ಯಾಲಯಕ್ಕೆ ಬಂದಿದ್ದ. ತಂದೆಯದು ಉಪನಗರದಲ್ಲಿ ಸಣ್ಣ ಕ್ಯಾಂಟೀನು. ಮೂರು ಸಂದರ್ಶನಗಳಲ್ಲಿ ಸೋತು ಮುಖ ಬಾಡಿಸಿಕೊಂಡಿದ್ದ ಅವನನ್ನು ನಾವು ಸುಮ್ಮನೆ ಕೇಳಿದೆವು: “ಒಂದು ಹೋಟೆಲಿನಲ್ಲಿ ವ್ಯಾಪಾರ ಏರಿದೆ, ಲಾಭ ಇಳಿದಿದೆ. ಏನು ಕಾರಣ?” ಹುಡುಗ ಕಾಗದದ ಮೇಲೆ ಥಟ್ಟನೆ ಒಂದು ಮರದ ಚಿತ್ರ ಬರೆದ. ಲಾಭವೆಂದರೆ ಆದಾಯದಲ್ಲಿ ವೆಚ್ಚ ಕಳೆದದ್ದು. ಆದಾಯವೆಂದರೆ ಬೆಲೆ, ಪ್ರಮಾಣ. ವೆಚ್ಚದಲ್ಲಿ ಎರಡು ವಿಧ. ಅನಂತರ ಪ್ರತಿಸ್ಪರ್ಧಿಗಳು, ಗ್ರಾಹಕರು. ಕೊಂಬೆಗಳೆಲ್ಲ ಸರಿಯಾಗಿದ್ದವು. ಆದರೆ ಒಂದು ಪ್ರಶ್ನೆಯನ್ನೂ ಅವನು ನಮಗೆ ಕೇಳಲಿಲ್ಲ.

ಹೋಟೆಲಿನವನಾಗಿದ್ದರೆ ಮೊದಲು ಕೇಳುವ ಮಾತು, ವ್ಯಾಪಾರ ಏರಿದ್ದು ಯಾವ ಬಾಗಿಲಿನಿಂದ ಎಂಬುದು. ಒಂದು ದೋಸೆಗೆ ನೂರು ರೂಪಾಯಿ ಬೆಲೆಯೆಂದು ಇಟ್ಟುಕೊಳ್ಳೋಣ. ಅಕ್ಕಿ, ಉದ್ದು, ಎಣ್ಣೆ, ಗ್ಯಾಸು ಸೇರಿ ದೋಸೆಯೊಂದಿಗೇ ಹೋಗುವ ಖರ್ಚು 45 ರೂಪಾಯಿ. ಉಳಿದ 55ರಲ್ಲಿ ಬಾಡಿಗೆ, ಸಂಬಳ ತೀರಿ ಲಾಭ ಹುಟ್ಟಬೇಕು. ಅದೇ ದೋಸೆ ಮೊಬೈಲಿನ ಆ್ಯಪ್ ಮೂಲಕ ಮನೆಗೆ ಹೋದರೆ ಕಮಿಷನ್ 25, ಡಬ್ಬಿಗೆ 8, ಉಳಿಯುವುದು 22. ಇದು ಹೊಸ ಗಿರಾಕಿಯ ದೋಸೆಯಾದರೆ ಆ 22 ಮೇಲಾದಾಯ. ನಿನ್ನೆಯವರೆಗೆ ಮೇಜಿಗೆ ಬಂದು ತಿನ್ನುತ್ತಿದ್ದವನೇ ಇಂದು ಮನೆಗೆ ತರಿಸಿಕೊಂಡರೆ 33 ರೂಪಾಯಿ ನಷ್ಟ. ದಿನಕ್ಕೆ 100 ದೋಸೆ ಮೇಜಿನ ಮೇಲೆ ಹೋಗುತ್ತಿದ್ದಾಗ 5,500 ಉಳಿಯುತ್ತಿತ್ತು. ಈಗ ಮೇಜಿನಲ್ಲಿ 60, ಆ್ಯಪಿನಲ್ಲಿ 80. ದೋಸೆ 140ಕ್ಕೆ ಏರಿತು. ಉಳಿದದ್ದು 3,300 ಮತ್ತು 1,760, ಒಟ್ಟು 5,060. ಕಾವಲಿಯ ಮುಂದಿನ ಭಟ್ಟರಿಗೆ ಕೆಲಸ ಹೆಚ್ಚು, ಯಜಮಾನನಿಗೆ ಹಣ ಕಡಿಮೆ.

ಲೆಕ್ಕ ಮುಗಿಯುವಷ್ಟರಲ್ಲಿ ಹುಡುಗ ಮೆಲ್ಲನೆ ನುಡಿದ: “ನಮ್ಮ ಅಪ್ಪನ ಕ್ಯಾಂಟೀನಿನಲ್ಲೂ ಹೀಗೆಯೇ ಆಗಿದೆ.” ಹಾಗಾದರೆ ಸಂದರ್ಶನದಲ್ಲಿ ಅದನ್ನೇಕೆ ಹೇಳಲಿಲ್ಲವೆಂದರೆ, ತಂದೆ ಕ್ಯಾಂಟೀನಿನವರೆಂದು ಹೇಳಲು ಸಂಕೋಚವಾಯಿತಂತೆ. ಸಂದರ್ಶನದ ಸೋಲಿಗಿಂತ ಈ ಮಾತು ನಮ್ಮನ್ನು ಹೆಚ್ಚು ನೋಯಿಸಿತು. ಮೈದಾ ಹಿಟ್ಟಿನ ದರ ಏರಿದ ದಿನ ಮನೆಯಲ್ಲಿ ನಡೆದ ಚರ್ಚೆಯನ್ನು ಕೇಳುತ್ತ ಬೆಳೆದ ಮಕ್ಕಳು, ಕಂಡರಿಯದ ವಿಮಾನ ಕಂಪೆನಿಯ ಕೇಸನ್ನು ಬಾಯಿಪಾಠ ಮಾಡಿ ಒಪ್ಪಿಸುತ್ತಿದ್ದಾರೆ.

ಮರದ ಚಿತ್ರವನ್ನು ನಾವು ಹಳಿಯುತ್ತಿಲ್ಲ. ಅದೊಂದು ನಮ್ಮ ಕೈಯಲ್ಲಿದ್ದಿದ್ದರೆ ನಮ್ಮ ಎರಡನೆಯ ಹೋಟೆಲು ಹನ್ನೊಂದೇ ತಿಂಗಳಲ್ಲಿ ಬಾಗಿಲು ಹಾಕುತ್ತಿರಲಿಲ್ಲವೋ ಏನೋ. ಎಸ್.ಎಸ್.ಎಲ್.ಸಿ.ಗೆ ಓದು ನಿಲ್ಲಿಸಿದ ನಮಗೆ ಸಂಜೆಯ ಗಲ್ಲಾಪೆಟ್ಟಿಗೆ ತುಂಬಿದ್ದರೆ ಅದೇ ಲಾಭವೆಂಬ ಭ್ರಮೆಯಿತ್ತು. ಹೊಸ ಹೋಟೆಲಿನಲ್ಲಿ ಜನ ಕಿಕ್ಕಿರಿದಿದ್ದರು; ಅವರಲ್ಲಿ ಅರ್ಧ ಜನ ಎರಡು ಬೀದಿ ಆಚೆ ನಮ್ಮದೇ ಹಳೆಯ ಹೋಟೆಲಿನ ಗಿರಾಕಿಗಳೆಂಬುದು ಸಾಲಗಾರರು ಬಂದು ನಿಂತ ಮೇಲೆ ತಿಳಿಯಿತು. ಹಾಗಿರಲು, ಸೂತ್ರ ಬೇಡವೆನ್ನುವ ಅಧಿಕಾರ ನಮಗಂತೂ ಇಲ್ಲ. ಸೂತ್ರ ಹಿಡಿದವನು ಎದುರಿಗಿರುವ ಸಂಗತಿಯನ್ನು ವಿಚಾರಿಸದೆ ಕೊಂಬೆ ಎಣಿಸುತ್ತ ಕೂಡುವುದಕ್ಕೆ ಮಾತ್ರ ನಮ್ಮ ಆಕ್ಷೇಪ.

ಕೇಸು ಬರೆಯುವವರು ಸಣ್ಣ ಕಸುಬನ್ನು ಕೀಳಾಗಿ ಕಾಣುತ್ತಾರೆಂಬ ಭಯಕ್ಕೂ ಆಧಾರವಿಲ್ಲ. ಚರ್ಚ್‌ಗೇಟ್ ನಿಲ್ದಾಣದಲ್ಲಿ ನಾವು ದಿನವೂ ದಾರಿ ಬಿಟ್ಟುಕೊಡುವ ಡಬ್ಬಾವಾಲರ ವಿಷಯವಾಗಿಯೇ ಹಾರ್ವರ್ಡಿನ ವಾಣಿಜ್ಯ ಶಾಲೆಯು 2010ರಲ್ಲಿ ಒಂದು ಕೇಸು ಪ್ರಕಟಿಸಿತು. ಡಬ್ಬಿಯ ಮುಚ್ಚಳದ ಮೇಲಿನ ಬಣ್ಣದ ಗುರುತುಗಳು, ಗುಂಪಿನ ಮುಖ್ಯಸ್ಥರ ಹೊಣೆ, ಲೋಕಲ್ ರೈಲಿನ ವೇಳೆಗೆ ಹೊಂದಿಕೊಂಡ ಶಿಸ್ತು, ಇವೆಲ್ಲ ಅಲ್ಲಿನ ವಿದ್ಯಾರ್ಥಿಗಳಿಗೆ ಪಾಠವಾದವು. ಮುಂಬಯಿಯಲ್ಲಿ ತಲೆಮಾರುಗಳಿಂದ ಬೆಳಗಿನ ಜಾವಕ್ಕೆ ಒಲೆ ಹೊತ್ತಿಸುತ್ತ ಬಂದ ಉಡುಪಿ ಹೋಟೆಲಿನ ಒಳಲೆಕ್ಕದಲ್ಲಿ ಇಂಥ ಪಾಠಗಳಿಗೆ ಬರಗಾಲವೇ?

ನಗರದ ನಮ್ಮ ಸಂಘಗಳು ವರ್ಷಕ್ಕೊಮ್ಮೆ ಪ್ರತಿಭಾ ಪುರಸ್ಕಾರವೆಂದು ಶಾಲು ಹೊದಿಸಿ ಫೋಟೋ ತೆಗೆಸುತ್ತವೆ. ಸಂತೋಷ. ಅದರ ಜತೆಗೆ ತಿಂಗಳಿಗೊಂದು ಭಾನುವಾರ ಸಭಾಂಗಣದ ಬಾಗಿಲು ತೆರೆಯಲಿ. ಒಬ್ಬ ಹೋಟೆಲಿನವನೋ ಕಿರಾಣಿಯವನೋ ತನ್ನ ನಿಜವಾದ ಲೆಕ್ಕದ ಪುಸ್ತಕ ತಂದು ಮೇಜಿನ ಮೇಲಿಡಲಿ. ಹೆಸರು ಊರು ಮುಚ್ಚಿಕೊಂಡರೂ ಅಡ್ಡಿಯಿಲ್ಲ. ವಿದ್ಯಾರ್ಥಿಗಳು ಪ್ರಶ್ನೆ ಕೇಳಲಿ, ಯಜಮಾನ ಉತ್ತರಿಸಲಿ, ಸಿಟ್ಟಾಗದಿರಲಿ. ಉತ್ತರ ತಿಳಿಯದಿದ್ದಲ್ಲಿ ತಿಳಿಯದೆನ್ನಲಿ. ಕಡೆಯ ಅರ್ಧ ಗಂಟೆಯಲ್ಲಿ ಹುಡುಗರು ತಮ್ಮ ತೀರ್ಮಾನ ಹೇಳಲಿ: ಆ್ಯಪ್ ಬಿಡಬೇಕೇ, ಬೆಲೆ ಏರಿಸಬೇಕೇ, ಬೀದಿಗೆ ಚಾಚಿದ ಆ ಎರಡು ಮೇಜು ತೆಗೆಯಬೇಕೇ. ಯಾವ ಸಂಘ ಮುಂದೆ ಬಂದರೂ ಮೊದಲ ಭಾನುವಾರದ ಪುಸ್ತಕ ನಾವು ಕೊಡುತ್ತೇವೆ. ಆ ಹನ್ನೊಂದು ತಿಂಗಳ ಹೋಟೆಲಿನದು. ಇನ್ನೂ ನಮ್ಮ ಕಪಾಟಿನಲ್ಲಿದೆ.