ಅಂಗಡಿ ಕಟ್ಟೆಯಿಂದ: ಡಿಮ್ಮರ್ ಗುಂಡಿಯೂ ಉಳಿತಾಯದ ಬಲ್ಬೂ



ಹೋದ ತಿಂಗಳು ಮಡಕಶಿರದಲ್ಲಿ ಒಂದು ಮದುವೆಗೆ ಹೋಗಿದ್ದೆ. ಊಟದ ಪಂಕ್ತಿಯಲ್ಲಿ ಪಕ್ಕಕ್ಕೆ ಕುಳಿತವರು ನಮ್ಮ ಬಂಧುಗಳೇ. ಹೊಸ ಮನೆ ಕಟ್ಟಿಸುತ್ತಿದ್ದಾರೆ. "ಬಲ್ಬುಗಳೆಲ್ಲ ಎಲ್‌ಇಡಿ ಹಾಕಿಸುತ್ತೇನೆ. ಜೊತೆಗೆ ಪ್ರತಿ ಕೋಣೆಗೂ ಡಿಮ್ಮರ್. ಉಳಿತಾಯದ ಮೇಲೆ ಉಳಿತಾಯ, ಅಲ್ಲವೇ?" ಎಂದು ಕೇಳಿದರು. ಹೋಳಿಗೆ ಮುಂದಿಟ್ಟುಕೊಂಡು ಹೇಳಿ ಮುಗಿಸುವ ಮಾತಲ್ಲವೆಂದು, ಮನೆಗೆ ಹೋಗಿ ಬರೆಯುತ್ತೇನೆ ಎಂದೆ. ಅವರಿಗೆ ಬರೆಯಬೇಕಾದ ಕಾಗದವನ್ನೇ ಈ ತಿಂಗಳು ನಿಮ್ಮೆಲ್ಲರಿಗೂ ಬರೆಯುತ್ತಿದ್ದೇನೆ.

ಹಿಂದೂಪುರದ ನಮ್ಮ ಮನೆಯನ್ನು ತಂದೆಯವರು 1986ರಲ್ಲಿ ಕಟ್ಟಿಸಿದರು. ಆಗ ಬೆಂಗಳೂರಿನಿಂದ ಎರಡು ಡಿಮ್ಮರ್ ತಂದು, ಒಂದನ್ನು ಹಾಲಿಗೆ, ಇನ್ನೊಂದನ್ನು ತಾವು ಮಲಗುವ ಕೋಣೆಗೆ ಹಾಕಿಸಿದ್ದರು. ಹುಣಿಸೆಹಣ್ಣಿನ ವ್ಯಾಪಾರಕ್ಕೆಂದು ಮನೆಗೆ ಬಂದವರಿಗೆಲ್ಲ ಗುಂಡಿ ತಿರುಗಿಸಿ ತೋರಿಸುತ್ತಿದ್ದರು. 60 ವ್ಯಾಟಿನ ಬಲ್ಬು ನಿಧಾನವಾಗಿ ಕೆಂಪಾಗಿ, ಸಂಜೆಯ ಸೂರ್ಯನಂತೆ ಮುಳುಗುತ್ತಿತ್ತು. ನಮಗೆಲ್ಲ ಅದೇ ದೊಡ್ಡ ವೈಭವ.

2014ರಲ್ಲಿ ಎಲ್‌ಇಡಿ ಬಂತು. ಆ ವರ್ಷವೇ ನೀಲಿ ಎಲ್‌ಇಡಿ ಕಂಡುಹಿಡಿದ ಅಕಸಾಕಿ, ಅಮಾನೊ, ನಕಮುರ ಎಂಬ ಜಪಾನ್ ಮೂಲದ ಮೂವರಿಗೆ ನೊಬೆಲ್ ಪ್ರಶಸ್ತಿ ಸಿಕ್ಕಿತು. ನೀಲಿ ಸಿಕ್ಕಿದ ಮೇಲೆಯೇ ಮನೆಗೆ ಬೇಕಾದ ಬಿಳಿ ಬೆಳಕು ಎಲ್‌ಇಡಿಯಿಂದ ಸಾಧ್ಯವಾದದ್ದು. ಅದೇ ವರ್ಷದ ಕೊನೆಯಲ್ಲಿ ಸರ್ಕಾರದವರು ಆಂಧ್ರದ ನಾಲ್ಕು ಜಿಲ್ಲೆಗಳಲ್ಲಿ ಹಳೆಯ ಬಲ್ಬಿಗೆ ಬದಲಾಗಿ ಹತ್ತು ರೂಪಾಯಿಗೆ 7 ವ್ಯಾಟಿನ ಎಲ್‌ಇಡಿ ಬಲ್ಬು ಕೊಡಲು ಆರಂಭಿಸಿದರು. ಅದರಲ್ಲಿ ನಮ್ಮ ಅನಂತಪುರ ಜಿಲ್ಲೆಯೂ ಒಂದು. 2015ರ ಜನವರಿ 5ರಂದು ಇದೇ ಬಗೆಯ ಯೋಜನೆ ದೇಶಕ್ಕೆಲ್ಲ ವಿಸ್ತರಿಸಿತು. ಹಿಂದೂಪುರದಲ್ಲಿ ನಾನೂ ಕಲ್ಯಾಣದುರ್ಗದಲ್ಲಿ ನನ್ನ ತಮ್ಮನೂ ಸಾಲಿನಲ್ಲಿ ನಿಂತು ಬಲ್ಬು ತಂದೆವು. ಆಗ ಎರಡೂ ಊರು ಒಂದೇ ಜಿಲ್ಲೆ. 2022ರಲ್ಲಿ ಹಿಂದೂಪುರ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು, ಕಲ್ಯಾಣದುರ್ಗ ಅನಂತಪುರದಲ್ಲೇ ಉಳಿಯಿತು. ಬಲ್ಬಿನ ಲೆಕ್ಕ ಮಾತ್ರ ಎರಡೂ ಮನೆಯಲ್ಲಿ ಒಂದೇ.

ಆ ಬಲ್ಬುಗಳನ್ನು ಮಾಮೂಲಿ ಸ್ವಿಚ್ಚಿದ್ದ ಕಡೆ ಹಾಕಿದೆವು. ಚೆನ್ನಾಗಿ ಉರಿದವು. ತಪ್ಪು ನಡೆದದ್ದು ಎರಡು ವರ್ಷದ ಮೇಲೆ, ನನ್ನ ಕೈಯಿಂದ. ತಾಯಿಯವರ ಕೋಣೆಯ ಹಳೆಯ ಬಲ್ಬು ಸುಟ್ಟುಹೋಯಿತು. ಪೇಟೆಯಿಂದ 9 ವ್ಯಾಟಿನ ಎಲ್‌ಇಡಿ ತಂದು ಅದೇ ಡಿಮ್ಮರಿನ ಹೋಲ್ಡರಿಗೆ ಸಿಕ್ಕಿಸಿದೆ. ಉರಿಯಿತು. ಅಲ್ಲಿಗೆ ನನ್ನ ಕೆಲಸ ಮುಗಿಯಿತು ಎಂದುಕೊಂಡೆ.

ಎರಡು ದಿನಕ್ಕೆ ತಾಯಿಯವರು, "ದೀಪ ನಡುಗ್ತೈತಪ್ಪ" ಎಂದರು. ನಾನು ಹೋಗಿ ನೋಡಿದೆ. ನನಗೇನೂ ಕಾಣಲಿಲ್ಲ. ಹಿಂದಿನ ವರ್ಷ ಅವರಿಗೆ ಕಣ್ಣಿನ ಪೊರೆಯ ಆಪರೇಷನ್ ಆಗಿತ್ತು. ಅದರದ್ದೇ ತೊಂದರೆ ಎಂದುಕೊಂಡು ಡಾಕ್ಟರ ಬಳಿ ಕರೆದೊಯ್ದೆ. ಕಣ್ಣು ಸರಿಯಾಗಿದೆ ಎಂದರು. ಮನೆಗೆ ಬಂದ ಮೇಲೂ ತಾಯಿಯವರದು ಅದೇ ಮಾತು. ವಯಸ್ಸಾಯಿತು, ಏನೋ ಹೇಳುತ್ತಾರೆ ಎಂದು ನಾವೆಲ್ಲ ಸುಮ್ಮನಾದೆವು. ಅವರೂ ಹೇಳುವುದನ್ನು ಬಿಟ್ಟರು. ಆ ದೀಪವನ್ನು ಹಾಕುವುದನ್ನೂ ಬಿಟ್ಟರು. ಒಂದು ರಾತ್ರಿ ಕತ್ತಲಲ್ಲೇ ಬಚ್ಚಲಿಗೆ ಹೊರಟವರು ಹೊಸ್ತಿಲು ಎಡವಿ ಬಿದ್ದು ಎಡಗೈ ಮಣಿಕಟ್ಟು ಮುರಿದುಕೊಂಡರು.

ಕೈಗೆ ಪಟ್ಟಿ ಹಾಕಿಸಿಕೊಂಡು ಕೆಲ ವಾರ ಕಲ್ಯಾಣದುರ್ಗದಲ್ಲಿ ತಮ್ಮನ ಮನೆಯಲ್ಲಿದ್ದರು. ಅವನದು ಬೋರ್‌ವೆಲ್ ಮೋಟಾರು, ಸ್ಟಾರ್ಟರುಗಳ ಅಂಗಡಿ. ನಾಲ್ಕನೆಯ ದಿನ ಅವನು ಫೋನು ಮಾಡಿದ. "ಅಣ್ಣ, ಅಮ್ಮ ಇಲ್ಲಿಯ ದೀಪ ನಡುಗುವುದಿಲ್ಲ ಅಂತಾರೆ. ಕಣ್ಣಲ್ಲ, ನಿಮ್ಮ ಬಲ್ಬನ್ನು ನೋಡು. ಮೊಬೈಲಿನ ಕ್ಯಾಮೆರಾದಲ್ಲಿ ನೋಡು" ಎಂದ. ಮಗ ಫೋನು ಹಿಡಿದ. ಪರದೆಯ ಮೇಲೆ ಕಪ್ಪು ಪಟ್ಟೆಗಳು ಒಂದರ ಹಿಂದೆ ಒಂದು ಓಡುತ್ತಿದ್ದವು. ತಾಯಿಯವರು ಹೇಳಿದ್ದೇ ನಿಜ. ಮೂಟೆಯ ಮೇಲಿನ ಗುರುತು ಓದದೆ ಸರಕು ಇಳಿಸದ ನಾನು, ಬಲ್ಬಿನ ಡಬ್ಬಿಯ ಮೇಲಿದ್ದ ಅಕ್ಷರಗಳನ್ನು ಓದಿರಲಿಲ್ಲ. ಡಿಮ್ಮರಿಗೆ ಹಾಕಬಾರದು ಎಂದು ಅದರಲ್ಲಿ ಸಣ್ಣ ಅಕ್ಷರದಲ್ಲಿ ಅಚ್ಚಾಗಿತ್ತು.

ಏಕೆ ಹಾಕಬಾರದು ಎಂಬುದನ್ನು ಆಮೇಲೆ ತಮ್ಮ ವಿವರಿಸಿದ. ನಮ್ಮ ಮನೆಗೆ ಬರುವ ವಿದ್ಯುತ್ತು ಅಲೆ ಅಲೆಯಾಗಿ ಬರುತ್ತದೆ. ಡಿಮ್ಮರು ಪ್ರತಿ ಸೆಕೆಂಡಿಗೆ ನೂರು ಸಲ ಆ ಅಲೆಯ ಒಂದು ತುಂಡನ್ನು ಕತ್ತರಿಸಿ ಉಳಿದದ್ದನ್ನು ಬಲ್ಬಿಗೆ ಬಿಡುತ್ತದೆ. ಹಳೆಯ ಬಲ್ಬಿನಲ್ಲಿದ್ದದ್ದು ಕಾದ ತಂತಿ. ನಡುವೆ ಕ್ಷಣಕಾಲ ವಿದ್ಯುತ್ತು ನಿಂತರೂ ಕೆಂಡದಂತೆ ಬಿಸಿ ಉಳಿಸಿಕೊಳ್ಳುತ್ತದೆ. ಆದ್ದರಿಂದ ಬೆಳಕು ನಡುಗುವುದಿಲ್ಲ. ಎಲ್‌ಇಡಿ ಬಲ್ಬಿನ ಬುಡದಲ್ಲಿ ಮಾತ್ರ ಡ್ರೈವರ್ ಎಂಬ ಚಿಕ್ಕ ಯಂತ್ರವಿದೆ. ಪೂರ್ತಿ ಅಲೆ ಬರುತ್ತದೆಂದು ನಂಬಿ ಮಾಡಿದ ಯಂತ್ರ ಅದು. ತುಂಡು ಅಲೆ ಬಂದರೆ ತಡವರಿಸುತ್ತದೆ. ಬೆಳಕು ಮಿಣುಕುತ್ತದೆ, ಕೆಲವು ಸಲ ಗುಂಯ್ ಎನ್ನುತ್ತದೆ, ಬೇಗ ಕೆಡುತ್ತದೆ.

ಇನ್ನೊಂದು ಕಾರಣವೂ ಇದೆ. ಹಳೆಯ ಡಿಮ್ಮರುಗಳು 60, 100 ವ್ಯಾಟಿನ ಭಾರಕ್ಕೆ ಮಾಡಿದವು. ಕ್ವಿಂಟಾಲು ತೂಗುವ ತಕ್ಕಡಿಯಲ್ಲಿ ಏಲಕ್ಕಿ ತೂಗಿದಂತೆ, 9 ವ್ಯಾಟು ಅದಕ್ಕೆ ತಿಳಿಯುವುದೇ ಇಲ್ಲ. ಸಿಎಫ್ಎಲ್ ಬಲ್ಬುಗಳದ್ದೂ ಹೆಚ್ಚಾಗಿ ಇದೇ ಕಥೆ. ಫ್ಯಾನಿನ ರೆಗ್ಯುಲೇಟರಿಗಂತೂ ಯಾವ ಬಲ್ಬನ್ನೂ ಜೋಡಿಸಬಾರದು.

ಡಿಮ್ಮರು ಬೇಕೇ ಬೇಕು ಎನ್ನುವವರು ಎರಡನ್ನೂ ಜೋಡಿ ನೋಡಿ ತರಬೇಕು. ಬಲ್ಬಿನ ಡಬ್ಬಿಯ ಮೇಲೆ 'ಡಿಮ್ಮಬಲ್' ಎಂದಿರಬೇಕು. ಡಿಮ್ಮರು ಎಲ್‌ಇಡಿಗೆಂದೇ ಮಾಡಿದ್ದಾಗಿರಬೇಕು, ಕನಿಷ್ಠ ಎಷ್ಟು ವ್ಯಾಟು ಬೇಕೆಂದು ಅದರ ಮೇಲೆ ಓದಿಕೊಳ್ಳಬೇಕು. ಒಂದು ಹೊಸದು ಒಂದು ಹಳೆಯದು ಆದರೆ ಸಂಸಾರ ಸಾಗದು.

ಇನ್ನು ಉಳಿತಾಯದ ಮಾತು. ನಾವು ವ್ಯಾಪಾರಿಗಳು, ಲೆಕ್ಕ ಹಾಕಿಯೇ ನೋಡೋಣ. 60 ವ್ಯಾಟಿನ ಬಲ್ಬು ದಿನಕ್ಕೆ 5 ಗಂಟೆ ಉರಿದರೆ ತಿಂಗಳಿಗೆ 9 ಯೂನಿಟ್. 9 ವ್ಯಾಟಿನ ಎಲ್‌ಇಡಿಗೆ 1.35 ಯೂನಿಟ್. ಉಳಿದದ್ದು 7.65 ಯೂನಿಟ್. ಯೂನಿಟ್ಟಿಗೆ 6 ರೂಪಾಯಿ ಎಂದು ಹಿಡಿದರೆ ತಿಂಗಳಿಗೆ ಸುಮಾರು 46 ರೂಪಾಯಿ. ಇದು ಬಲ್ಬು ಬದಲಾಯಿಸಿದ ಲಾಭ. ಈಗ ಆ ಎಲ್‌ಇಡಿಯನ್ನು ಡಿಮ್ಮರಿನಿಂದ ಅರ್ಧಕ್ಕೆ ಇಳಿಸಿದಿರಿ ಎನ್ನೋಣ. ಉಳಿಯುವುದು ಮುಕ್ಕಾಲು ಯೂನಿಟ್ಟಿಗಿಂತ ಕಡಿಮೆ, ಅಂದರೆ ತಿಂಗಳಿಗೆ 4 ರೂಪಾಯಿ. ಡಿಮ್ಮರಿಗೆ 500 ರೂಪಾಯಿ ಹಾಕಿದರೆ ಬಂಡವಾಳ ಹಿಂದಕ್ಕೆ ಬರಲು 10 ವರ್ಷ ದಾಟಬೇಕು. ಆದ್ದರಿಂದ ಡಿಮ್ಮರನ್ನು ಉಳಿತಾಯದ ಖಾತೆಯಲ್ಲಿ ಬರೆಯಬೇಡಿ. ಅದು ಕಣ್ಣಿನ ಸುಖದ ಖಾತೆ. ಬೇಕಾದರೆ ಖರ್ಚು ಮಾಡಿ, ತಪ್ಪಲ್ಲ. ಖಾತೆ ಮಾತ್ರ ಬೇರೆ ಇರಲಿ.

ನಿಜವಾದ ಸೋರಿಕೆ ನಾವು ನೋಡದ ಕಡೆ ಇರುತ್ತದೆ. ರಾತ್ರಿಯೆಲ್ಲ ಉರಿಯುವ ಹಳೆಯ 'ಝೀರೋ ಬಲ್ಬು' ಇದೆಯಲ್ಲ, ಅದರ ಹೆಸರಷ್ಟೇ ಸೊನ್ನೆ. ತಿನ್ನುವುದು ಹೆಚ್ಚುಕಡಿಮೆ 15 ವ್ಯಾಟು. ರಾತ್ರಿಗೆ 10 ಗಂಟೆಯಂತೆ ತಿಂಗಳಿಗೆ 4.5 ಯೂನಿಟ್. ಹಾಲಿನ ದೊಡ್ಡ ಎಲ್‌ಇಡಿ ತಿನ್ನುವುದರ ಮೂರು ಪಟ್ಟಿಗಿಂತ ಹೆಚ್ಚು! ಅದರ ಜಾಗದಲ್ಲಿ ಅರ್ಧ ವ್ಯಾಟಿನ ಎಲ್‌ಇಡಿ ರಾತ್ರಿದೀಪ ಹಾಕಿದರೆ 0.15 ಯೂನಿಟ್ಟಿನಲ್ಲಿ ತಿಂಗಳು ಕಳೆಯುತ್ತದೆ.

ಕಲ್ಯಾಣದುರ್ಗದ ಮನೆಯಲ್ಲಿ ತಮ್ಮ ಮಾಡಿದ್ದು ಇದನ್ನೇ. ಡಿಮ್ಮರು ಇಲ್ಲ. ಒಂದೊಂದು ಕೋಣೆಗೆ ಎರಡು ದೀಪ, ಎರಡು ಸ್ವಿಚ್ಚು. ಓದುವುದಕ್ಕೆ, ಲೆಕ್ಕ ಬರೆಯುವುದಕ್ಕೆ 9 ವ್ಯಾಟು. ರಾತ್ರಿಗೆ ಅರ್ಧ ವ್ಯಾಟಿನ ಪುಟ್ಟ ದೀಪ, ಅದೂ ಗೋಡೆಯ ಕೆಳಗೆ, ನೆಲದಿಂದ ಒಂದು ಮೊಳ ಎತ್ತರದಲ್ಲಿ. ಮಲಗಿದವರ ಕಣ್ಣಿಗೆ ಹೊಡೆಯುವುದಿಲ್ಲ, ಎದ್ದವರ ಕಾಲಿಗೆ ಹೊಸ್ತಿಲು ಕಾಣುತ್ತದೆ. ಮಾಮೂಲಿ ಸ್ವಿಚ್ಚನ್ನೇ ಒಮ್ಮೆ ಆರಿಸಿ ಹಾಕಿದರೆ ಬೆಳಕು ತಗ್ಗುವ ಬಲ್ಬುಗಳೂ ಈಗ ಸಿಗುತ್ತವೆ. ಅವಕ್ಕೆ ಬೇರೆ ಡಿಮ್ಮರು ಬೇಡ.

ನಮ್ಮ ಮನೆಗಳಲ್ಲಿ ಸಂಜೆಯ ಊಟ ಹೊತ್ತು ಮುಳುಗುವ ಮುನ್ನವೇ ಮುಗಿಯುವುದರಿಂದ ಅಡುಗೆಮನೆಗೆ ರಾತ್ರಿ ದೊಡ್ಡ ಬೆಳಕು ಬೇಕಿಲ್ಲ. ಮಳೆಗಾಲದಲ್ಲಿ ದೀಪಕ್ಕೆ ಹಾರಿ ಬಂದು ಸಾಯುವ ಹುಳುಗಳ ಯೋಚನೆಯೂ ನಮಗಿರಬೇಕು. ಹುಳುಗಳನ್ನು ಹೆಚ್ಚಾಗಿ ಸೆಳೆಯುವುದು ನೇರಳಾತೀತ ಮತ್ತು ನೀಲಿ ಬೆಳಕು. ಜಗಲಿಗೆ ಹಳದಿ ಛಾಯೆಯ, ಕಡಿಮೆ ವ್ಯಾಟಿನ ಎಲ್‌ಇಡಿ ಹಾಕಿದರೆ ಅವು ಬರುವುದು ಕಡಿಮೆಯಾಗುತ್ತದೆ.

ತಾಯಿಯವರು ಹಿಂದೂಪುರಕ್ಕೆ ವಾಪಸು ಬರುವಷ್ಟರಲ್ಲಿ ಅವರ ಕೋಣೆಯ ಡಿಮ್ಮರು ಕೀಳಿಸಿ ಮಾಮೂಲಿ ಸ್ವಿಚ್ಚು ಹಾಕಿಸಿದ್ದೆ. ಹೊಸ್ತಿಲ ಪಕ್ಕದಲ್ಲಿ ಪುಟ್ಟ ದೀಪವೂ ಇತ್ತು. ಮೊದಲ ರಾತ್ರಿ ಅದನ್ನು ನೋಡಿ, "ಈಗ ನಿಂತೈತೆ ಬಿಡು" ಎಂದರು. ಬೈಯಲಿಲ್ಲ. ಬೈದಿದ್ದರೆ ನನಗೆ ಹಗುರವಾಗುತ್ತಿತ್ತು. ಅವರು ತೀರಿಕೊಂಡು ಕೆಲವು ವರ್ಷಗಳಾದವು. ಈಗ ಆ ಕೋಣೆಯಲ್ಲಿ ಮಲಗುವವನು ನಾನು. ನನ್ನ ಕಣ್ಣಿಗೂ ಪೊರೆ ಬರುತ್ತಿದೆ. ರಾತ್ರಿ ಏಳುವಾಗ ಆ ದೀಪವೇ ದಾರಿ ತೋರಿಸುತ್ತದೆ.

ಮಡಕಶಿರದ ಬಂಧುಗಳಿಗೆ ನನ್ನ ಉತ್ತರ ಇಷ್ಟೇ. ಬಲ್ಬು ಎಲ್ಲ ಕಡೆ ಎಲ್‌ಇಡಿ ಇರಲಿ, ನಕ್ಷತ್ರದ ಗುರುತು ನೋಡಿ ತನ್ನಿ. ಡಿಮ್ಮರು ಆಸೆಯಿದ್ದರೆ ಹಾಲಿಗೆ ಒಂದು ಸಾಕು, ಅದೂ ಜೋಡಿ ನೋಡಿ. ಹಿರಿಯರು ಮಲಗುವ ಕೋಣೆಗೆ ಎರಡು ಸ್ವಿಚ್ಚು, ನೆಲದ ಬಳಿ ಒಂದು ಪುಟ್ಟ ದೀಪ. ಮನೆಯಲ್ಲಿ ವಯಸ್ಸಾದವರು ದೀಪ ನಡುಗುತ್ತದೆ ಎಂದರೆ, ಅವರ ಕಣ್ಣನ್ನು ಪರೀಕ್ಷಿಸುವ ಮೊದಲು ಬಲ್ಬನ್ನು ಪರೀಕ್ಷಿಸಿ.

ಮುಂದಿನ ತಿಂಗಳು ಮತ್ತೆ ಕಾಣೋಣ.