ಅಂಕಿಗಳ ಉಡುಗೆ



ಸಾವಿರವಾದ ಮೇಲೆ ನಮ್ಮ ಎಣಿಕೆಯಲ್ಲಿ ಎರಡೆರಡು ಸ್ಥಾನಗಳಿಗೊಮ್ಮೆ ಲಕ್ಷ, ಕೋಟಿ ಎಂಬ ಹೊಸ ಹೆಸರುಗಳು ರೂಢಿಯಲ್ಲಿವೆ. ಆದುದರಿಂದಲೇ ನಾವು 12,34,567 ಎಂದು ಬರೆಯುವೆವು. ಸಾವಿರದಿಂದ ಮಿಲಿಯಕ್ಕೆ ಮೂರು ಸ್ಥಾನಗಳನ್ನು ದಾಟುವ ಆಂಗ್ಲರು ಅದನ್ನೇ 1,234,567 ಎಂದು ಬರೆಯುವರು; ಜರ್ಮನರು 1.234.567 ಎಂದು ಬಿಂದುಗಳನ್ನಿಟ್ಟು, ದಶಾಂಶಕ್ಕೆ ಅಲ್ಪವಿರಾಮವನ್ನು ಬಳಸುವರು. ಬೆಲೆಯೊಂದೇ, ಉಡುಗೆ ಮಾತ್ರ ಬೇರೆ.

ಜಾಲಪುಟಗಳನ್ನು ರಚಿಸುವ ಭಾಷೆಗಳಲ್ಲಿಯೂ ಈ ಉಡುಗೆಯನ್ನು ತೊಡಿಸುವ ಸಾಧನಗಳುಂಟು. 1995ರಲ್ಲಿ ಹುಟ್ಟಿದ ಜಾವಾಸ್ಕ್ರಿಪ್ಟ್ ಭಾಷೆಯ 'ಟುಲೊಕೇಲ್‌ಸ್ಟ್ರಿಂಗ್' ಎಂಬುದಕ್ಕೆ ಭಾಷೆ ದೇಶಗಳ ಸಂಕೇತವನ್ನು ತಿಳಿಸಿದರೆ, ಅದು ಆಯಾ ದೇಶದ ಕ್ರಮದಂತೆ ಬರೆದುಕೊಡುವುದು. ಕೇಳಿದರೆ ೧೨,೩೪,೫೬೭ ಎಂದು ಕನ್ನಡದ ಅಂಕಿಗಳಲ್ಲಿಯೇ ಕೊಡುವುದು. ಅದೇ ವರ್ಷ ಪ್ರಕಟವಾದ ಪಿ.ಎಚ್.ಪಿ. ಭಾಷೆಯ 'ನಂಬರ್‌ಫಾರ್ಮ್ಯಾಟ್' ಆದರೋ ಮೂರು ಮೂರು ಸ್ಥಾನಗಳ ಕ್ರಮವನ್ನು ಮಾತ್ರ ಬಲ್ಲುದು. ದಶಾಂಶ ಸ್ಥಾನಗಳೆಷ್ಟು ಬೇಕೆಂದು ಹೇಳದಿದ್ದರೆ ಅದು 1234.50 ಎಂಬುದನ್ನು 1,235 ಎಂದು ಬರೆದುಬಿಡುವುದು. ಲಕ್ಷದ ಕ್ರಮ ಬೇಕಾದವರು ಆ ಭಾಷೆಯ 'ನಂಬರ್‌ಫಾರ್ಮ್ಯಾಟರ್' ಎಂಬ ಇನ್ನೊಂದು ಸಾಧನವನ್ನು ಆಶ್ರಯಿಸಬೇಕು.

ಇಲ್ಲಿ ಮುಖ್ಯವಾಗಿ ತಿಳಿಯತಕ್ಕ ವಿಷಯವೊಂದಿದೆ. ಹೀಗೆ ಅಲಂಕೃತವಾಗಿ ಬಂದುದು ಸಂಖ್ಯೆಯಲ್ಲ, ಬರಿಯ ಅಕ್ಷರಗಳ ಸಾಲು. ಜಾವಾಸ್ಕ್ರಿಪ್ಟಿನಲ್ಲಿ '1,000' ಎಂಬ ಸಾಲಿಗೆ 500ನ್ನು ಕೂಡಿಸಿದರೆ ಒಂದೂವರೆ ಸಾವಿರ ಬಾರದು. ಎರಡೂ ಒಂದಕ್ಕೊಂದು ಅಂಟಿಕೊಂಡು '1,000500' ಆಗುವುದು. 'ಪಾರ್ಸ್‌ಇಂಟ್' ಎಂಬುದರ ಕೈಗೆ '12,34,567' ಎಂಬುದನ್ನು ಕೊಟ್ಟರೆ ಅದು ಮೊದಲನೆಯ ಅಲ್ಪವಿರಾಮದಲ್ಲಿಯೇ ನಿಂತು, 12 ಎಂದು ಉತ್ತರ ಹೇಳುವುದು. ತಪ್ಪಾಯಿತೆಂಬ ಸೂಚನೆಯೂ ಇಲ್ಲ! ಒಂದು ಸಂಸಾರವು ವರ್ಷಗಟ್ಟಲೆ ಕೂಡಿಟ್ಟ ಹನ್ನೆರಡು ಲಕ್ಷವು ಲೆಕ್ಕದಲ್ಲಿ ಹನ್ನೆರಡೇ ರೂಪಾಯಿಯಾಗಲು ಒಂದು ಅಲ್ಪವಿರಾಮವು ಸಾಕು.

ವ್ಯಾಕರಣವನ್ನೋದಿದವರಿಗೆ ಇದರ ಪರಿಹಾರವು ಹೊಸದಲ್ಲ. 'ರಾಮ' ಎಂಬ ಪ್ರಾತಿಪದಿಕವೊಂದೇ. ವಾಕ್ಯದಲ್ಲಿ ಪ್ರಯೋಗಿಸುವಾಗ ಮಾತ್ರ ಅದಕ್ಕೆ ತಕ್ಕ ವಿಭಕ್ತಿಯನ್ನು ಹಚ್ಚುವೆವು. ವಿಭಕ್ತಿ ಹಚ್ಚಿದ ರೂಪದ ಮೇಲೆ ಮತ್ತೊಂದು ವಿಭಕ್ತಿಯನ್ನು ಸಾಮಾನ್ಯವಾಗಿ ಹಚ್ಚುವುದಿಲ್ಲ. ಸಂಖ್ಯೆಯನ್ನೂ ಹಾಗೆಯೇ ಭಂಡಾರದಲ್ಲಿ ನಿರಾಭರಣವಾಗಿಟ್ಟು, ಕೂಡಿಸಿ ಕಳೆಯುವ ಕೆಲಸವೆಲ್ಲವೂ ಮುಗಿದ ಮೇಲೆ, ಓದುವವರ ಕಣ್ಣಿಗೆ ತೋರಿಸುವಾಗ ಮಾತ್ರ ಅಲಂಕರಿಸಬೇಕು.

ಮನೆಯ ಮಕ್ಕಳು ಈ ವಿದ್ಯೆಯನ್ನು ಕಲಿಯುತ್ತಿದ್ದರೆ ಹಿರಿಯರು ಅವರನ್ನು ಒಂದು ಪ್ರಶ್ನೆ ಕೇಳಲಿ: "ಮಗು, ನೀನು ಕೂಡಿಸುತ್ತಿರುವುದು ಸಂಖ್ಯೆಯನ್ನೋ, ಅದರ ಉಡುಗೆಯನ್ನೋ?"